ಘಾಟಿಯನ್ನು ಇಳಿಯುವ ಬಸ್ಸು

ಕಾಲೇಜುಗಳು ತೆರೆಯುವ ದಿನಗಳಲ್ಲಿ ಶಿವಮೊಗ್ಗದಿಂದ ಮಣಿಪಾಲಕ್ಕೆ ಹೊರಡುವ ಬಸ್ಸನ್ನು ನೋಡಿದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಒಳಗೆ ಅರ್ಧಕ್ಕರ್ಧ ವಿದ್ಯಾರ್ಥಿಗಳು. ಅವರ ಕಾಲಬುಡದಲ್ಲಿ ಪೆಟ್ಟಿಗೆ, ಹಾಸಿಗೆ, ಮನೆಯಿಂದ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿ. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸುವವರೆಗೆ ಮಣಿಪಾಲವು ಬಹುಮಟ್ಟಿಗೆ ಬರಿಯ ಬೋಳುಗುಡ್ಡವಾಗಿತ್ತು. ಇಂದು ಅದು ಕಾಲೇಜುಗಳಿಂದಲೇ ಬದುಕುವ ಊರು. ಮಲೆನಾಡಿನವರು ಆ ಊರನ್ನು ಸೇರಬೇಕಾದರೆ ತೀರ್ಥಹಳ್ಳಿಯನ್ನು ದಾಟಿ, ಆಗುಂಬೆಯಲ್ಲಿ ಸಹ್ಯಾದ್ರಿಯ ಅಂಚನ್ನು ಮುಟ್ಟಿ, ಹದಿನಾಲ್ಕು ಕಡಿದಾದ ತಿರುವುಗಳನ್ನು ಸುತ್ತಿ ಸೋಮೇಶ್ವರಕ್ಕೆ ಇಳಿದು, ಹೆಬ್ರಿಯ ಮಾರ್ಗವಾಗಿ ಹೋಗಬೇಕು. ಈ ತಿರುವುಗಳಲ್ಲಿ ಉದ್ದನೆಯ ಬಸ್ಸು ಹೊರಳಲಾರದು. ಆದುದರಿಂದ ಇಲ್ಲಿ ಓಡುವುದು ಗಿಡ್ಡನೆಯ ಮಿನಿಬಸ್ಸು.

ಕಳೆದ ಮಳೆಗಾಲದಲ್ಲಿ ನಾವು ಅಂತಹುದೊಂದು ಬಸ್ಸಿನಲ್ಲಿ ಪಯಣಿಸುತ್ತಿದ್ದೆವು. ಆಗುಂಬೆಯನ್ನು ಬಿಟ್ಟು ಇಳಿಜಾರು ಮೊದಲಾಗುವ ಮುನ್ನ ಚಾಲಕನು ಬಸ್ಸಿನ ವೇಗವನ್ನು ತಗ್ಗಿಸಿ, ಗೇರನ್ನು ಕೆಳಕ್ಕೆ ಬದಲಿಸಿದನು. ಎಂಜಿನ್ನು ಗುಂಯ್‌ಗುಟ್ಟತೊಡಗಿತು, ಬಸ್ಸು ಮಾತ್ರ ಎತ್ತಿನ ಗಾಡಿಯ ಗತಿಯಲ್ಲಿ ಇಳಿಯಿತು. ಮುಂದಿನ ಸೀಟಿನಲ್ಲಿದ್ದ ವೃದ್ಧರೊಬ್ಬರಿಗೆ ತಾಳ್ಮೆ ತಪ್ಪಿತು. “ಏನಪ್ಪಾ, ಇಳಿಜಾರಿನಲ್ಲೂ ಎಂಜಿನ್ನನ್ನು ಹೀಗೆ ಒದರಿಸಬೇಕೆ? ನ್ಯೂಟ್ರಲ್ಲಿಗೆ ಹಾಕಿದರೆ ಗಾಡಿ ತಾನಾಗಿಯೇ ಓಡುವುದಿಲ್ಲವೆ? ಡೀಸೆಲಾದರೂ ಉಳಿಯುತ್ತದೆ” ಎಂದರು. ಚಾಲಕನು ರಸ್ತೆಯಿಂದ ಕಣ್ಣು ತೆಗೆಯದೆ, “ಓಡುತ್ತೆ ಯಜಮಾನ್ರೇ. ನಿಲ್ಲೋದೇ ಕಷ್ಟ” ಎಂದನು.

ಬಸ್ಸಿನಲ್ಲಿ ನಗೆ ಎದ್ದಿತು. ಆದರೆ ಆ ಮಾತಿನಲ್ಲಿ ಭೌತಶಾಸ್ತ್ರದ ಒಂದು ಇಡೀ ಅಧ್ಯಾಯವೇ ಅಡಗಿದೆ. ಚಾಲಕನ ಲೆಕ್ಕ ಸರಿಯೋ, ವೃದ್ಧರ ಲೆಕ್ಕ ಸರಿಯೋ ಎಂಬುದನ್ನು ವಾಚಕರೊಂದಿಗೆ ಕೂಡಿ ಪರಿಶೀಲಿಸೋಣ.

ಎತ್ತರದಲ್ಲಿರುವ ಪ್ರತಿಯೊಂದು ವಸ್ತುವಿನಲ್ಲಿಯೂ ಶಕ್ತಿ ಅಡಗಿರುತ್ತದೆ. ಇದನ್ನು ಸ್ಥಾನಶಕ್ತಿ ಅಥವಾ ಪ್ರಚ್ಛನ್ನಶಕ್ತಿ ಎನ್ನುತ್ತಾರೆ. ವಸ್ತುವಿನ ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ, ಎತ್ತರ, ಇವು ಮೂರನ್ನು ಗುಣಿಸಿದರೆ ಅದರ ಪ್ರಮಾಣ ದೊರೆಯುತ್ತದೆ. ಜನರೂ ಸಾಮಾನೂ ತುಂಬಿದ ನಮ್ಮ ಬಸ್ಸಿನ ದ್ರವ್ಯರಾಶಿ ೮,೦೦೦ ಕಿಲೋಗ್ರಾಂ ಎಂದೂ, ಘಾಟಿಯಲ್ಲಿ ಅದು ೫೦೦ ಮೀಟರ್ ಇಳಿಯುತ್ತದೆ ಎಂದೂ ಇಟ್ಟುಕೊಳ್ಳೋಣ. ಗುಣಿಸಿದರೆ ಸುಮಾರು ೩ ಕೋಟಿ ೯೨ ಲಕ್ಷ ಜೌಲ್ ಬರುತ್ತದೆ. ಈ ಸಂಖ್ಯೆಯಿಂದ ಮನಸ್ಸಿಗೆ ಏನೂ ಹೊಳೆಯದಿದ್ದರೆ ಹೀಗೆ ನೋಡಬಹುದು: ಇದು ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಸುಮಾರು ೧೧ ಯೂನಿಟ್ ವಿದ್ಯುತ್ತು. ೧೨೫ ಲೀಟರು ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಶಕ್ತಿ ಸಾಕು.

ಈ ಶಕ್ತಿ ಬಂದುದೆಲ್ಲಿಂದ? ಇದೇ ಬಸ್ಸು ಹಿಂದಿನ ಸರದಿಯಲ್ಲಿ ಕರಾವಳಿಯಿಂದ ಘಾಟಿಯನ್ನು ಏರುವಾಗ ಉರಿಸಿದ ಡೀಸೆಲಿನಿಂದ. ಒಂದು ಲೀಟರು ಡೀಸೆಲು ಉರಿದರೆ ಸುಮಾರು ೩.೬ ಕೋಟಿ ಜೌಲ್ ಉಷ್ಣ ಹೊರಡುತ್ತದೆ. ಎಂಜಿನ್ನು ಅದರ ಮೂರರಲ್ಲೊಂದು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸಿದರೂ, ಬಸ್ಸನ್ನು ೫೦೦ ಮೀಟರ್ ಎತ್ತಲು ಮೂರು ಲೀಟರಿಗೂ ಹೆಚ್ಚು ಡೀಸೆಲು ಬೇಕು. ಏರುವಾಗ ಕೊಟ್ಟ ಆ ಸಾಲವು ಇಳಿಯುವಾಗ ಹಿಂದಿರುಗಿ ಬರುತ್ತದೆ. ಶಕ್ತಿಯು ನಾಶವಾಗುವುದಿಲ್ಲವೆಂಬ ನಿಯಮಕ್ಕೆ ಘಾಟಿಯ ರಸ್ತೆಯಲ್ಲಿಯೂ ವಿನಾಯಿತಿಯಿಲ್ಲ. ಹಾಗಾದರೆ ಘಾಟಿಯ ತಳವನ್ನು ಮುಟ್ಟುವಷ್ಟರಲ್ಲಿ ಆ ೧೧ ಯೂನಿಟ್ ಎಲ್ಲಿಗಾದರೂ ಹೋಗಿರಲೇಬೇಕು.

ಅದು ಹೋಗಬಹುದಾದ ಮೊದಲನೆಯ ದಾರಿಯೆಂದರೆ ಚಲನಶಕ್ತಿ. ವೃದ್ಧರು ಸೂಚಿಸಿದುದು ಇದನ್ನೇ. ಯಾವ ತಡೆಯೂ ಇಲ್ಲದೆ ೫೦೦ ಮೀಟರ್ ಇಳಿದ ವಸ್ತುವಿನ ವೇಗ ಗಂಟೆಗೆ ೩೫೦ ಕಿಲೋಮೀಟರನ್ನೂ ಮೀರುತ್ತದೆ. ನಿಜವಾದ ಬಸ್ಸಿಗೆ ಗಾಳಿಯ ತಡೆಯೂ ಚಕ್ರಗಳು ಉರುಳುವಾಗಿನ ಘರ್ಷಣೆಯೂ ಇರುವುದರಿಂದ ಅದು ಅಷ್ಟು ವೇಗವನ್ನು ಪಡೆಯಲಾರದು. ಆದರೆ ಅಷ್ಟು ವೇಗದ ಅಗತ್ಯವೇ ಇಲ್ಲ. ಅದರ ಹತ್ತರಲ್ಲೊಂದು ಪಾಲಾದರೂ ಆಗುಂಬೆಯ ತಿರುವಿನಲ್ಲಿ ಅಪಾಯವೇ.

ಅದೇಕೆಂದು ನೋಡೋಣ. ವಸ್ತುವೊಂದು ವೃತ್ತದಲ್ಲಿ ತಿರುಗಬೇಕಾದರೆ ಅದನ್ನು ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಬಸ್ಸಿಗೆ ಆ ಬಲವನ್ನು ಒದಗಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ತಿರುವಿನ ತ್ರಿಜ್ಯ ೧೨ ಮೀಟರ್, ವೇಗ ಗಂಟೆಗೆ ೧೫ ಕಿಲೋಮೀಟರ್ ಎಂದಾದರೆ, ಬೇಕಾಗುವ ಬಲ ಬಸ್ಸಿನ ತೂಕದ ಸುಮಾರು ಏಳರಲ್ಲೊಂದು ಪಾಲು. ಒದ್ದೆಯಾದ ರಸ್ತೆಯೂ ಇದನ್ನು ಕೊಡಬಲ್ಲದು. ವೇಗವನ್ನು ಎರಡು ಪಟ್ಟು ಮಾಡಿದರೆ ಬಲವು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕಾಗುತ್ತದೆ. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ ೩೦ ಕಿಲೋಮೀಟರಿನಲ್ಲಿ ಅದೇ ತಿರುವಿಗೆ ಬಸ್ಸಿನ ತೂಕದ ಅರ್ಧಕ್ಕಿಂತ ಹೆಚ್ಚಿನ ಬಲ ಬೇಕು. ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ, ಎಲೆಯೂ ಕೆಸರೂ ಹರಡಿದ ರಸ್ತೆಯಿಂದ ಅಷ್ಟು ಘರ್ಷಣೆಯನ್ನು ನಿರೀಕ್ಷಿಸುವುದು ಅವಿವೇಕ. ಬಾಗಿಲ ಮೆಟ್ಟಿಲಲ್ಲಿ ಜೋತಾಡುವ ತರುಣರು ಈ ಲೆಕ್ಕವನ್ನು ತಮಗೂ ಹಾಕಿಕೊಳ್ಳಬಹುದು. ೬೦ ಕಿಲೋಗ್ರಾಂ ತೂಗುವವನು ತಿರುವಿನಲ್ಲಿ ಬಸ್ಸಿನೊಡನೆ ತಿರುಗಬೇಕಾದರೆ, ೧೫ ಕಿಲೋಮೀಟರ್ ವೇಗದಲ್ಲಿ ಅವನ ಕೈಯ ಹಿಡಿತ ಸುಮಾರು ೯ ಕಿಲೋಗ್ರಾಂ ಭಾರವನ್ನು ತಾಳಬೇಕು. ೩೦ರಲ್ಲಿ ೩೫ ಕಿಲೋಗ್ರಾಂ ಭಾರವನ್ನು. ಅದೂ ಮಳೆಯಲ್ಲಿ ನೆನೆದ ಕಂಬಿಯ ಮೇಲೆ.

ಆದುದರಿಂದ ವೇಗವನ್ನು ಹೆಚ್ಚಲು ಬಿಡುವಂತಿಲ್ಲ. ಎರಡನೆಯ ದಾರಿ ಬ್ರೇಕು. ಬ್ರೇಕು ಚಲನೆಯನ್ನು ‘ತಿಂದುಹಾಕುತ್ತದೆ’ ಎಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಶಕ್ತಿಯ ರೂಪವನ್ನು ಬದಲಿಸುತ್ತದೆ, ಅಷ್ಟೆ. ಅನೇಕ ಬಸ್ಸುಗಳ ಚಕ್ರದೊಳಗೆ ಡ್ರಮ್ ಎಂಬ ಕಬ್ಬಿಣದ ಬಳೆಯಿರುತ್ತದೆ. ಪೆಡಲನ್ನು ತುಳಿದಾಗ ಲೈನಿಂಗ್ ಹೊದಿಸಿದ ಎರಡು ತುಂಡುಗಳು ಡ್ರಮ್ಮಿನ ಒಳಮೈಗೆ ಒತ್ತಿ ಉಜ್ಜುತ್ತವೆ, ಚಲನಶಕ್ತಿ ಉಷ್ಣವಾಗುತ್ತದೆ. ಚಳಿಯಲ್ಲಿ ಅಂಗೈಗಳನ್ನು ಉಜ್ಜಿ ಕಾಯಿಸಿಕೊಳ್ಳುವುದೂ ಇದೇ ತತ್ತ್ವ. ನಾಲ್ಕೂ ಡ್ರಮ್ಮುಗಳ ಕಬ್ಬಿಣ ಒಟ್ಟು ೧೨೦ ಕಿಲೋಗ್ರಾಂ ಇದೆಯೆಂದೂ, ಘಾಟಿಯ ಶಕ್ತಿಯೆಲ್ಲವೂ ಅದರೊಳಗೇ ಉಳಿಯಿತೆಂದೂ ಭಾವಿಸಿದರೆ, ಕಬ್ಬಿಣದ ತಾಪ ಸುಮಾರು ೭೦೦ ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಬೇಕಾಗುತ್ತದೆ. ಅದು ಕಬ್ಬಿಣವು ಕುಲುಮೆಯಲ್ಲಿ ಕೆಂಪಗೆ ಹೊಳೆಯುವ ತಾಪ. ಸುತ್ತಲಿನ ಗಾಳಿಯು ಉಷ್ಣವನ್ನು ಒಯ್ಯುತ್ತಿರುವುದರಿಂದಲೂ, ಉರುಳುವ ಚಕ್ರಗಳ ಘರ್ಷಣೆಗೆ ಒಂದು ಪಾಲು ಸಲ್ಲುವುದರಿಂದಲೂ ಅಷ್ಟಕ್ಕೆ ಹೋಗಲಿಕ್ಕಿಲ್ಲ. ಆದರೆ ಇಪ್ಪತ್ತು ನಿಮಿಷಗಳ ಇಳಿಯುವಿಕೆಯೆಂದರೆ ಒಂದೊಂದು ಕಿಲೋವಾಟಿನ ಸುಮಾರು ೩೩ ವಿದ್ಯುತ್ ಒಲೆಗಳು ಏಕಕಾಲದಲ್ಲಿ ಉರಿದಂತೆ. ನಿಧಾನವಾಗಿ ಇಳಿಯುವ ಬಸ್ಸಿನ ಚಕ್ರಗಳಿಗೆ ತಾಗುವ ಗಾಳಿಯು ಅಷ್ಟನ್ನೂ ಒಯ್ಯಲಾರದು.

ಬ್ರೇಕು ಕಾದರೆ ಆಗುವ ಹಾನಿಯೇನು? ಮೊದಲನೆಯದಾಗಿ, ಮಿತಿಮೀರಿ ಕಾದ ಲೈನಿಂಗ್ ತನ್ನ ಘರ್ಷಣಗುಣವನ್ನು ಕಳೆದುಕೊಳ್ಳುತ್ತದೆ. ಅಷ್ಟೇ ಬಲವಾಗಿ ತುಳಿದರೂ ಹಿಡಿತ ಕುಗ್ಗುತ್ತದೆ. ಎರಡನೆಯದಾಗಿ, ಡ್ರಮ್ಮು ಕಾದು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಮೂರನೆಯದಾಗಿ, ಕಾರು ಮೊದಲಾದ ಹಗುರ ವಾಹನಗಳಲ್ಲಿ ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಒಂದು ದ್ರವ. ದ್ರವವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯವಾದುದರಿಂದಲೇ ಈ ಏರ್ಪಾಡು ಕೆಲಸ ಮಾಡುತ್ತದೆ. ಅತಿಯಾಗಿ ಕಾದರೆ ಆ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆವಿಯೋ ಸುಲಭವಾಗಿ ಕುಗ್ಗುತ್ತದೆ. ಪೆಡಲು ನೆಲದವರೆಗೂ ಇಳಿಯುತ್ತದೆ; ಚಕ್ರಕ್ಕೆ ಏನೂ ತಲುಪುವುದಿಲ್ಲ. ಇದರ ಸೂಚನೆ ಮೊದಲೇ ಸಿಗದಿರಬಹುದು. ಇಳಿಜಾರಿನ ಮೊದಲಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕು, ಅದು ಅತ್ಯಂತ ಅಗತ್ಯವಾಗುವ ಕೊನೆಯ ತಿರುವುಗಳಲ್ಲಿ ಕೈಕೊಡುತ್ತದೆ.

ಇನ್ನು ಮೂರನೆಯ ದಾರಿ. ನಮ್ಮ ಚಾಲಕನು ಆರಿಸಿಕೊಂಡುದು. ಬಸ್ಸು ಗೇರಿನಲ್ಲಿರುವಾಗ ಎಂಜಿನ್ನು ಚಕ್ರಗಳನ್ನು ತಿರುಗಿಸುವಂತೆಯೇ ಚಕ್ರಗಳೂ ಎಂಜಿನ್ನನ್ನು ತಿರುಗಿಸಬಲ್ಲವು. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದಾಗ ಎಂಜಿನ್ನು ದುಡಿಯುವುದನ್ನು ಬಿಟ್ಟು ಹೊರೆಯಾಗುತ್ತದೆ. ಕೊಂತಗಳು ಸಿಲಿಂಡರಿನ ಗಾಳಿಯನ್ನು ಒತ್ತಬೇಕು. ಒತ್ತಿದ ಗಾಳಿಯು ಹಿಗ್ಗುವಾಗ ಒಂದಷ್ಟು ಶಕ್ತಿಯನ್ನು ಹಿಂದಕ್ಕೆ ಕೊಡುತ್ತದೆಯಾದರೂ, ಗಾಳಿಯನ್ನು ಒಳಗೆಳೆದು ಹೊರದಬ್ಬುವ ಕೆಲಸಕ್ಕೂ ಎಂಜಿನ್ನಿನ ಅಂಗಾಂಗಗಳ ಘರ್ಷಣೆಗೂ ಸಾಕಷ್ಟು ಶಕ್ತಿ ವ್ಯಯವಾಗುತ್ತದೆ. ಅನೇಕ ಬಸ್ಸುಗಳಲ್ಲಿ ಹೊಗೆಕೊಳವೆಯನ್ನು ಅಡ್ಡಗಟ್ಟುವ ಒಂದು ಕವಾಟವೂ ಇರುತ್ತದೆ. ಅದನ್ನು ಮುಚ್ಚಿದರೆ ಕೊಂತಗಳು ಇನ್ನಷ್ಟು ಕಷ್ಟಪಟ್ಟು ಗಾಳಿಯನ್ನು ದಬ್ಬಬೇಕಾಗುತ್ತದೆ. ಹೀಗೆ ಹುಟ್ಟಿದ ಉಷ್ಣವು ರೇಡಿಯೇಟರಿನ ಮತ್ತು ಹೊಗೆಕೊಳವೆಯ ಮೂಲಕ ಹೊರಬೀಳುತ್ತದೆ. ಅವು ಗಂಟೆಗಟ್ಟಲೆ ಉಷ್ಣವನ್ನು ಚೆಲ್ಲುವುದಕ್ಕೆಂದೇ ನಿರ್ಮಿತವಾದವು. ಬ್ರೇಕಿನ ಡ್ರಮ್ಮು ಹಾಗಲ್ಲ.

ಕೆಳಗಿನ ಗೇರೇ ಏಕೆ? ಆ ಗೇರಿನಲ್ಲಿ ಬಸ್ಸು ಒಂದು ಮೀಟರ್ ಸಾಗುವಷ್ಟರಲ್ಲಿ ಎಂಜಿನ್ನು ಹೆಚ್ಚು ಸುತ್ತು ಸುತ್ತುತ್ತದೆ. ಸುತ್ತು ಹೆಚ್ಚಿದಷ್ಟೂ ಅದು ನುಂಗುವ ಶಕ್ತಿ ಹೆಚ್ಚು. ಯಾವ ಗೇರಿನಲ್ಲಿ ಗುಡ್ಡವನ್ನು ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನ ಮರ್ಮವಿದು. ಇಳಿಜಾರಿಗೆ ಮುನ್ನವೇ ಗೇರನ್ನು ಬದಲಿಸಿದುದಕ್ಕೂ ಕಾರಣವಿದೆ. ವೇಗ ಏರಿದ ಮೇಲೆ ಕೆಳಗಿನ ಗೇರಿಗೆ ಹಾಕಲು ಹೋದರೆ ಹಲ್ಲುಗಳು ಕೂಡದೆ ಬಸ್ಸು ನ್ಯೂಟ್ರಲ್ಲಿನಲ್ಲಿಯೇ ಉಳಿದುಬಿಡಬಹುದು. ಆಗ ಎಂಜಿನ್ನಿನ ನೆರವು ಪೂರ್ತಿಯಾಗಿ ತಪ್ಪುತ್ತದೆ.

ಡೀಸೆಲು ಉಳಿಯುವುದೆಂಬ ವೃದ್ಧರ ಮಾತು? ಅದೂ ನಿಲ್ಲುವುದಿಲ್ಲ. ಗೇರಿನಲ್ಲಿ ಇಳಿಯುವಾಗ ಎಂಜಿನ್ನನ್ನು ತಿರುಗಿಸುವುದು ಬಸ್ಸಿನ ತೂಕ. ಆದುದರಿಂದ ಇಂದಿನ ಎಂಜಿನ್ನುಗಳಲ್ಲಿ ಇಂಧನ ಪೂರ್ತಿಯಾಗಿ ನಿಂತುಹೋಗುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ಆರಿಹೋಗದಿರಲು ಸ್ವಲ್ಪವಾದರೂ ಡೀಸೆಲು ಉರಿಯಲೇಬೇಕು. ಎಂಜಿನ್ನು ಒದರಿತೆಂದ ಮಾತ್ರಕ್ಕೆ ಡೀಸೆಲು ಕುಡಿಯುತ್ತಿದೆಯೆಂದು ಅರ್ಥವಲ್ಲ.

ಏಳೆಂಟು ತಿರುವುಗಳನ್ನು ಕಳೆದಾಗ ರಸ್ತೆಯ ಬದಿಯಲ್ಲಿ ಕಾರೊಂದು ನಿಂತಿತ್ತು. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಸುಟ್ಟ ವಾಸನೆ ಬಸ್ಸಿನೊಳಗೂ ಬಂತು. ನಾಲ್ವರು ತರುಣರು ಗಾಬರಿಗೊಂಡು ನಿಂತಿದ್ದರು. ಒಬ್ಬನು ನೀರಿನ ಬಾಟಲಿಯನ್ನು ತೆರೆದಿದ್ದನು. ನಮ್ಮ ಚಾಲಕನು ಬಸ್ಸನ್ನು ನಿಲ್ಲಿಸಿ, “ನೀರು ಹಾಕಬೇಡ್ರಪ್ಪಾ, ಬಿರುಕು ಬಿಟ್ಟೀತು. ಅರ್ಧ ಗಂಟೆ ಹಂಗೇ ಬಿಡಿ. ಆಮೇಲೆ ಮೊದಲನೇ ಗೇರಲ್ಲೇ ಇಳೀರಿ” ಎಂದು ಕೂಗಿ ಹೇಳಿದನು. ಕಾದ ಲೋಹದ ಒಂದು ಭಾಗ ಮಾತ್ರ ಥಟ್ಟನೆ ತಣಿದು ಕುಗ್ಗಿದರೆ ಅದು ಸೀಳಬಹುದೆಂಬುದು ನಮಗೆ ತಿಳಿದ ವಿಷಯವೇ. ಆ ವೃದ್ಧರು ಕಾರನ್ನೂ ಅದರ ಪಕ್ಕದ ಕಣಿವೆಯನ್ನೂ ಬಹಳ ಹೊತ್ತು ನೋಡಿದರು. ಮತ್ತೆ ಡೀಸೆಲಿನ ಮಾತೆತ್ತಲಿಲ್ಲ.

ಇದೇ ಇಳಿಜಾರಿನಲ್ಲಿ ಪ್ರಯಾಣಿಕರ ಕಿವಿಗಳೂ ಒಂದು ಪಾಠವನ್ನು ಹೇಳುತ್ತವೆ. ೫೦೦ ಮೀಟರ್ ಇಳಿದಾಗ ವಾಯುವಿನ ಒತ್ತಡ ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಕಿವಿದಮರಿನ ಒಳಬದಿಯಲ್ಲಿ ಇನ್ನೂ ಆಗುಂಬೆಯ ಗಾಳಿ, ಹೊರಬದಿಯಲ್ಲಿ ಕರಾವಳಿಯ ಗಾಳಿ. ಆ ಪುಟ್ಟ ಪೊರೆಯ ಮೇಲೆ ಸುಮಾರು ೩೫ ಗ್ರಾಂ ತೂಕವಿಟ್ಟಂತೆ ಆಗುತ್ತದೆ. ಉಗುಳು ನುಂಗಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳವು ತೆರೆದು, ಎರಡು ಕಡೆಯ ಒತ್ತಡಗಳೂ ಸಮನಾಗಿ ಕಿವಿ ತೆರೆದುಕೊಳ್ಳುತ್ತದೆ. ಪ್ರಯೋಗ ಮಾಡಬಯಸುವ ವಿದ್ಯಾರ್ಥಿಗಳು ತೆಳುವಾದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಆಗುಂಬೆಯಲ್ಲಿ ಖಾಲಿಮಾಡಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಟ್ಟುಕೊಳ್ಳಲಿ. ಹೆಬ್ರಿಯನ್ನು ಸೇರುವಷ್ಟರಲ್ಲಿ ಅದರ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡಿರುವುದನ್ನು ಕಾಣಬಹುದು.

ಪ್ರಯಾಣಿಕರು ಚಾಲಕನಿಗೆ ಮಾಡಬಹುದಾದ ಸಹಾಯವೂ ಈ ಲೆಕ್ಕದಿಂದಲೇ ಹೊರಡುತ್ತದೆ. ಬಸ್ಸಿನಲ್ಲಿ ಇಪ್ಪತ್ತು ಮಂದಿ ಹೆಚ್ಚಾಗಿ ನಿಂತರೆ ೧,೨೦೦ ಕಿಲೋಗ್ರಾಂ ಕೂಡಿಕೊಂಡು, ಚೆಲ್ಲಬೇಕಾದ ಶಕ್ತಿ ನೂರಕ್ಕೆ ಹದಿನೈದರಷ್ಟು ಏರುತ್ತದೆ. ಬ್ರೇಕಿಗೆ ಮೀಸಲಾಗಿ ಉಳಿದಿರುವ ತಂಪು ಅಷ್ಟು ಕಡಿಮೆಯಾಗುತ್ತದೆ. ಹೊತ್ತಾಯಿತೆಂದು ಅವಸರಪಡಿಸುವುದೂ ಇದೇ ಬಗೆಯ ಭಾರವೇ.

ವಿದ್ಯುತ್ತಿನಿಂದ ಓಡುವ ಬಸ್ಸುಗಳು ಈಗ ಬರುತ್ತಿವೆ. ಅವುಗಳಲ್ಲಿ ಇಳಿಜಾರಿನ ಹೊತ್ತಿಗೆ ಮೋಟಾರೇ ಜನಕವಾಗಿ ಕೆಲಸ ಮಾಡಿ, ಶಕ್ತಿಯ ಬಹುಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಇದೇ ಸಹ್ಯಾದ್ರಿಯಿಂದ ಧುಮುಕುವ ವಾರಾಹಿಯ ನೀರು ಹೊಸಂಗಡಿಯ ಬಳಿ ವಿದ್ಯುತ್ತನ್ನು ಕೊಡುವಂತೆ, ಬಸ್ಸೂ ತನ್ನ ೧೧ ಯೂನಿಟ್‌ಗಳಲ್ಲಿ ಒಳ್ಳೆಯ ಪಾಲನ್ನು ಉಳಿಸಬಹುದು. ಅಲ್ಲಿಯೂ ಒಂದು ಎಚ್ಚರ ಬೇಕು: ಗುಡ್ಡದ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ತುಂಬಿಕೊಂಡು ಹೊರಟರೆ, ಇಳಿಯುವಾಗಿನ ಶಕ್ತಿಯನ್ನು ಇಡಲು ಅದರಲ್ಲಿ ಜಾಗವಿರುವುದಿಲ್ಲ.

ಸೋಮೇಶ್ವರದಲ್ಲಿ ರಸ್ತೆ ಸಮನಾಯಿತು. ಚಾಲಕನು ಗೇರನ್ನು ಮೇಲಕ್ಕೆ ಬದಲಿಸಿದನು. ಬಸ್ಸು ಸರಾಗವಾಗಿ ಹೆಬ್ರಿಯ ಕಡೆಗೆ ಓಡಿತು. ಮಣಿಪಾಲದಲ್ಲಿ ಇಳಿಯುವಾಗ ನಾವು ಹಿಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆವು. ಬೆಚ್ಚಗಿತ್ತು, ಅಷ್ಟೆ.