ಗಾದಿ ಬಿಟ್ಟು ಕುರ್ಚಿ ಏರಿದ ಮೇಲೆ

ನಮ್ಮ ತಂದೆಯವರು ಬೋಡಿನಾಯಕನೂರಿನ ಏಲಕ್ಕಿ ಅಂಗಡಿಯಲ್ಲಿ ಜೀವಮಾನವಿಡೀ ಗಾದಿಯ ಮೇಲೆ ಕುಳಿತವರು. ಬೆನ್ನಿಗೆ ಲೋಡು, ಮುಂದೆ ಇಳಿಜಾರು ಮೇಜು, ಪಕ್ಕದಲ್ಲಿ ದಿಂಡುಗಲ್ಲಿನ ಬೀಗ ಜಡಿದ ಗಲ್ಲಾಪೆಟ್ಟಿಗೆ. ಅವರು ಸೊಂಟನೋವೆಂದು ನರಳಿದ್ದು ನಮಗೆ ನೆನಪಿಲ್ಲ. ಗಾದಿಯಲ್ಲಿ ಅಂಥ ಮಹಿಮೆಯೇನೂ ಇರಲಿಲ್ಲ. ಕಾಯಿಯ ಮಾದರಿ ನೋಡಲು, ತೂಕ ಹಾಕಿಸಲು, ಬಂದವರನ್ನು ಬೀಳ್ಕೊಡಲು ಅವರು ಗಳಿಗೆಗೊಮ್ಮೆ ಏಳುತ್ತಿದ್ದರು, ಅಷ್ಟೇ.

2007ರಲ್ಲಿ ಸ್ಪೈಸಸ್ ಬೋರ್ಡಿನ ಏಲಕ್ಕಿ ಹರಾಜು ಬೋಡಿಯಲ್ಲಿ ಕಂಪ್ಯೂಟರಿಗೆ ಬಂತು. 2017ರ ಜುಲೈಯಿಂದ ಜಿಎಸ್‌ಟಿ ಲೆಕ್ಕವೂ ಸೇರಿಕೊಂಡಿತು. ಗಾದಿ ಅಟ್ಟಕ್ಕೆ ಹೋಯಿತು. ಯಜಮಾನರಿಗೆ ಯಜಮಾನರಂಥ ಕುರ್ಚಿ ಬೇಕೆಂದು ನಾವು ಮದುರೆಗೆ ಹೋಗಿ, ತಲೆಗಿಂತ ಎತ್ತರದ ಬೆನ್ನಿನ, ಮಿರಮಿರ ಮಿಂಚುವ ಕಪ್ಪು ಕುರ್ಚಿಯೊಂದನ್ನು ತಂದೆವು. ಅಂಗಡಿಯಲ್ಲಿ ಎರಡು ನಿಮಿಷ ಕುಳಿತು ನೋಡಿದ್ದೇ ಪರೀಕ್ಷೆ!

ನಮ್ಮ ಎತ್ತರ ಐದಡಿ ಮೂರಂಗುಲ. ಆಸನ ಉದ್ದವಾದ್ದರಿಂದ ಹಿಂದಕ್ಕೆ ಒರಗಿದರೆ ಪಾದ ನೆಲ ಮುಟ್ಟುತ್ತಿರಲಿಲ್ಲ. ಹೀಗಾಗಿ ದಿನವಿಡೀ ಅಂಚಿನಲ್ಲೇ ಕುಳಿತು ಪರದೆಯತ್ತ ಬಾಗುತ್ತಿದ್ದೆವು. ವರ್ಷ ತುಂಬುವಷ್ಟರಲ್ಲಿ ಸೊಂಟ ಹಿಡಿಯಿತು. ಬೆಳಗಿನ ಸಾಮಾಯಿಕಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ, ನೆಲದ ಮೇಲೆ ಕೂಡಲಾಗಲಿಲ್ಲ. ಮನೆಯವರು ಮಾತಿಲ್ಲದೆ ಒಂದು ಸ್ಟೂಲು ತಂದಿಟ್ಟರು. ಅದರ ಮೇಲೆ ಕುಳಿತಾಗ ಆದ ನಾಚಿಕೆ ನೋವಿಗಿಂತ ದೊಡ್ಡದು.

ತೇನಿಯ ವೈದ್ಯರೊಬ್ಬರು ಮೊದಲು ಕೇಳಿದ್ದೇ ಕುರ್ಚಿಯ ವಿಚಾರ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಬೆನ್ನೆಲುಬಿನ ಬಿಲ್ಲೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದಿದ್ದರಂತೆ. ನಿಂತಾಗ ಇರುವುದಕ್ಕಿಂತ, ಮುಂದಕ್ಕೆ ಬಾಗಿ ಕುಳಿತಾಗ ಒತ್ತಡ ಹೆಚ್ಚು. ಒರಗು ಸಿಕ್ಕರೆ ಇಳಿಯುತ್ತದೆ. ಒರಗಲಾಗದ ಕುರ್ಚಿಗೆ ನಾವು ದುಡ್ಡು ಕೊಟ್ಟಿದ್ದೆವು.

ಕುರ್ಚಿ ಹೊಂದಿಸುವುದಕ್ಕೂ ಒಂದು ಕ್ರಮವಿದೆ. ಪೂರ್ತಿ ಹಿಂದಕ್ಕೆ ಸರಿದು ಕುಳಿತು, ಮಂಡಿಯ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ಆಡುವಂತಿರಬೇಕು. ಆಡದಿದ್ದರೆ ಆ ಕುರ್ಚಿ ನಮ್ಮದಲ್ಲ, ಬೆಲೆ ಎಷ್ಟೇ ಇರಲಿ. ಬೆನ್ನಿನ ಉಬ್ಬು ಸೊಂಟಪಟ್ಟಿಗಿಂತ ತುಸು ಮೇಲೆ ತಾಗಬೇಕು. ನಂತರ ಎತ್ತರ. ನಮ್ಮ ಮೇಜುಗಳು ಸಾಮಾನ್ಯವಾಗಿ ಮೂವತ್ತು ಅಂಗುಲ. ಕುಳ್ಳಗಿರುವವರಿಗೆ ಅದು ಎತ್ತರವೇ. ಮೊಣಕೈ ಮೇಜಿನ ಮಟ್ಟಕ್ಕೆ ಬರುವವರೆಗೆ ಕುರ್ಚಿ ಏರಿಸಿದರೆ ಕಾಲು ತೂಗಾಡುತ್ತದೆ, ಆದ್ದರಿಂದ ಕಾಲ ಕೆಳಗೆ ಮಣೆ ಬೇಕು. ನಾವು ಹಳೆಯ ಲೆಕ್ಕದ ಪೆಟ್ಟಿಗೆ ಇಡಹೋದೆವು. ದೀಪಾವಳಿಗೆ ಪೂಜೆ ಮಾಡುವ ಪುಸ್ತಕಗಳಿದ್ದ ಪೆಟ್ಟಿಗೆಯನ್ನು ತುಳಿಯುವುದೇ ಎಂದು ಮನೆಯವರು ಗದರಿದ್ದು ನ್ಯಾಯವೇ. ಬಡಗಿಯಿಂದ ಐದಂಗುಲದ ಇಳಿಜಾರು ಮಣೆ ಮಾಡಿಸಿದೆವು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ. ಕೈಯಾಸರೆ ಮೇಜಿನಡಿ ತೂರದಿದ್ದರೆ ಕುರ್ಚಿ ಹತ್ತಿರ ಬಾರದು, ಮತ್ತೆ ಬಾಗುವುದೇ ಗತಿ.

ಹೊದಿಕೆಯ ವಿಷಯದಲ್ಲಿ ನಮ್ಮ ಮನೆಗಳವರು ಕೇಳಿಯೇ ಕೊಳ್ಳಬೇಕು. ಬಾಂಡೆಡ್ ಲೆದರ್ ಎಂದರೆ ಚರ್ಮದ ಚೂರುಗಳನ್ನು ಅಂಟಿಸಿ ಮಾಡಿದ್ದು. ಅರ್ಧ ಬೆಲೆಗೆ ಸಿಕ್ಕಿದರೂ ಚರ್ಮ ಚರ್ಮವೇ. ಬಿಲ್ಲಿನಲ್ಲಿ ಹೊದಿಕೆ ಯಾವುದೆಂದು ಬರೆಸಿಕೊಳ್ಳಿರಿ. ಜಾಲರಿ ಬಟ್ಟೆಯದಾದರೆ ಸಂಶಯವೂ ಇಲ್ಲ, ಬೆವರೂ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಬಿಲ್ ಸ್ಟಂಫ್, ಡಾನ್ ಚಾಡ್‌ವಿಕ್ ಎಂಬಿಬ್ಬರು ರೂಪಿಸಿದ ಏರಾನ್ ಕುರ್ಚಿ ಹೆಸರಾದದ್ದು ಇಂಥ ಜಾಲರಿಯಿಂದಲೇ. ಅದನ್ನು ಅಂಗಿಯ ಹಾಗೆ ಮೂರು ಅಳತೆಗಳಲ್ಲಿ ಮಾಡಿದರು. ಅಷ್ಟು ದುಬಾರಿಯದು ನಮಗೆ ಬೇಡ, ಆದರೆ ಅಳತೆಯ ಬುದ್ಧಿ ಬೇಕು. ಬುಡಕ್ಕೆ ಐದು ಕಾಲಿರಲಿ. ನುಣುಪು ಟೈಲ್ಸ್ ನೆಲಕ್ಕೆ ಮೆತ್ತನೆಯ ಚಕ್ರ ಒಳ್ಳೆಯದು. ಕುಳಿತಂತೆ ಕುರ್ಚಿ ತಾನಾಗಿ ಇಳಿಯತೊಡಗಿದರೆ ಗ್ಯಾಸ್ ಕೊಳವೆ ಕೆಟ್ಟಿದೆಯೆಂದರ್ಥ; ಅದೊಂದನ್ನೇ ಬದಲಿಸಬಹುದು.

ಇಷ್ಟಾದರೂ ಎರಡು ಗಳಿಗೆಗೊಮ್ಮೆ ಏಳಲೇಬೇಕು. ನಾವು ಎದ್ದು ಗೋದಾಮಿನವರೆಗೆ ಹೋಗಿ ಬರುತ್ತೇವೆ. ಆರು ತಿಂಗಳಲ್ಲಿ ಸಾಮಾಯಿಕಕ್ಕೆ ಮತ್ತೆ ನೆಲದ ಮೇಲೆ ಕುಳಿತೆವು.

ಮಧ್ಯಾಹ್ನ ಅದೇ ಕುರ್ಚಿಗೆ ಮಗ ಬರುತ್ತಾನೆ, ಐದಡಿ ಒಂಬತ್ತಂಗುಲದವ. ದಿನವೂ ಏರಿಸಿ ಇಳಿಸುವಾಗ ಅಂದಾಜು ತಪ್ಪುತ್ತಿತ್ತು. ಸೊಸೆ ಉಗುರುಬಣ್ಣದಿಂದ ಮೇಜಿನ ಕಾಲಿಗೆ ಎರಡು ಗೆರೆ ಎಳೆದಳು: ಕೆಂಪು ನಮ್ಮದು, ಗುಲಾಬಿ ಮಗನದು. ಅದನ್ನು ನೋಡಿ ಗುಮಾಸ್ತರು ನಕ್ಕರು. ಅವರು ಕಂಬಂನ ಕಪ್ಪಿಲಿಯರು, ಮನೆಯಲ್ಲಿ ಕನ್ನಡ ಆಡುವವರು, ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದಾರೆ. ನಮಗಿಂತ ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ ಇರುವವರು ಅವರೇ. ಅವರು ಕುಳಿತಿದ್ದುದು ಮದುವೆ ಮಂಟಪದ ಪ್ಲಾಸ್ಟಿಕ್ ಕುರ್ಚಿಯಲ್ಲಿ! ಇಷ್ಟು ದಿನ ಅದು ನಮ್ಮ ಕಣ್ಣಿಗೇ ಬೀಳಲಿಲ್ಲ. ಬರುವ ಸೋಮವಾರ ಅವರನ್ನು ಕರೆದುಕೊಂಡೇ ದಿಂಡುಗಲ್ಲಿಗೆ ಹೋಗುವವರಿದ್ದೇವೆ, ಅಳತೆ ಅವರದಲ್ಲವೇ.