ಅವ್ಯಕ್ತವನ್ನು ಬಿಡಿಸುವ ಮೊದಲ ಹೆಜ್ಜೆ

ಬನ್ನೂರಿನಲ್ಲಿ ಕುರಿಯೊಂದನ್ನು ಕೊಂಡು, ಅದನ್ನು ಹಳ್ಳಿಗೆ ಸಾಗಿಸಲು 500 ರೂಪಾಯಿ ಗಾಡಿಬಾಡಿಗೆಯನ್ನೂ ತೆತ್ತು, ಮನೆಗೆ ಬಂದು ಲೆಕ್ಕ ಹಾಕಿ ಒಟ್ಟು 12,500 ರೂಪಾಯಿ ಕೈಬಿಟ್ಟಿತೆಂದು ಕಂಡುಕೊಂಡ ಗೃಹಸ್ಥನನ್ನು, ಕುರಿಯ ಕ್ರಯವೆಷ್ಟೆಂದು ನೆರೆಯವರು ಕೇಳಿದರೆ, ಆತನು ಕಾಗದ ಲೇಖನಿಗಳ ಹಂಗಿಲ್ಲದೆ ‘ಹನ್ನೆರಡು ಸಾವಿರ’ ಎಂದು ಒಡನೆಯೇ ಹೇಳಿಬಿಡುವನು. ಅದೇ ಗೃಹಸ್ಥನ ಮಗಳು ಪಾಠಪುಸ್ತಕವನ್ನು ತಂದು, ‘ಕ್ಷ + 500 = 12,500 ಆದರೆ ಕ್ಷ ಎಷ್ಟು?’ ಎಂಬ ಸಾಲನ್ನು ಮುಂದೆ ಹಿಡಿದರೆ, ‘ನಮ್ಮ ಕಾಲಕ್ಕೇ ಅದು ತಲೆಗೆ ಹತ್ತಲಿಲ್ಲ ಕಣಮ್ಮ’ ಎಂದು ನುಣುಚಿಕೊಳ್ಳುವನು. ಪ್ರಶ್ನೆ ಎರಡೂ ಕಡೆ ಒಂದೇ. ಪುಸ್ತಕದಲ್ಲಿ ಅಜ್ಞಾತವಾದ ಮೊತ್ತಕ್ಕೆ ಒಂದು ಅಕ್ಷರದ ಹೆಸರಿಟ್ಟಿದೆ, ಅಷ್ಟೇ.

ತಿಳಿಯದಿರುವುದನ್ನು ತಿಳಿದಿರುವಂತೆಯೇ ಹೆಸರಿಟ್ಟು ಕರೆದು, ಅದರ ಮೇಲೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಿಯೆಗಳನ್ನು ನಡೆಸಿ, ಕೊನೆಗೆ ಅದು ತಾನಾಗಿಯೇ ತನ್ನ ಬೆಲೆಯನ್ನು ಹೇಳುವಂತೆ ಮಾಡುವ ವಿದ್ಯೆಯೇ ಬೀಜಗಣಿತ. ಎರಡು ಮೊತ್ತಗಳು ಸಮವೆಂದು ಸಾರುವ ವಾಕ್ಯವೇ ಸಮೀಕರಣ. ಅವ್ಯಕ್ತಕ್ಕೆ, ಎಂದರೆ ಆ ತಿಳಿಯದ ಮೊತ್ತಕ್ಕೆ, ಒಂದೇ ಒಂದು ಕ್ರಿಯೆ ಅಂಟಿಕೊಂಡಿರುವ ಸಮೀಕರಣವು ಇವುಗಳಲ್ಲೆಲ್ಲ ಅತ್ಯಂತ ಸರಳವಾದುದು. ಅಂಥವು ನಾಲ್ಕೇ ಬಗೆ. ಕುರಿಯ ಲೆಕ್ಕ ಮೊದಲನೆಯದು. ಆಲೆಮನೆಯಿಂದ ತಂದ ಬೆಲ್ಲದ ಅಚ್ಚುಗಳಲ್ಲಿ 15 ಖರ್ಚಾಗಿ 45 ಉಳಿದರೆ, ಕ್ಷ − 15 = 45; ತಂದದ್ದು 60. ನಂಜನಗೂಡಿನ ರಸಬಾಳೆಯ ಗೊನೆಯೊಂದರಲ್ಲಿ 8 ಚಿಪ್ಪುಗಳಿದ್ದು, ಎಲ್ಲ ಚಿಪ್ಪುಗಳಲ್ಲೂ ಸಮಾನ ಸಂಖ್ಯೆಯ ಹಣ್ಣುಗಳಿದ್ದು, ಒಟ್ಟು 96 ಆದರೆ, 8ಕ್ಷ = 96; ಚಿಪ್ಪಿಗೆ 12. ನಾಲ್ವರು ಅಣ್ಣತಮ್ಮಂದಿರು ಗದ್ದೆಯ ಭತ್ತವನ್ನು ಸಮನಾಗಿ ಹಂಚಿಕೊಂಡು ಒಬ್ಬೊಬ್ಬನಿಗೆ 6 ಮೂಟೆ ಬಂದರೆ, ಕ್ಷ ÷ 4 = 6; ಬೆಳೆದದ್ದು 24 ಮೂಟೆ.

ಕೂಡಿದ್ದನ್ನು ಕಳೆದು, ಕಳೆದದ್ದನ್ನು ಕೂಡಿ, ಗುಣಿಸಿದ್ದನ್ನು ಭಾಗಿಸಿ, ಭಾಗಿಸಿದ್ದನ್ನು ಗುಣಿಸಿ ಹಿಂದಕ್ಕೆ ಹೋಗುವ ಈ ಕ್ರಮವು ನಮ್ಮ ನಾಡಿನಲ್ಲಿ ಬಹು ಹಳೆಯದು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿಯೇ ಇದರ ಸೂತ್ರವಿದೆ; ಇದಕ್ಕೆ ವಿಲೋಮವಿಧಿ ಎಂದು ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಸಮಸ್ಯೆಗಳನ್ನು ಕಾವ್ಯದ ಸೊಗಸಿನಿಂದ ಹೆಣೆದನು. ಹೊಯ್ಸಳರ ಕಾಲದ 12ನೆಯ ಶತಮಾನದಲ್ಲಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ರಚಿಸಿದ ರಾಜಾದಿತ್ಯನು ಈ ಶಾಸ್ತ್ರವನ್ನು ಕನ್ನಡಕ್ಕೆ ಇಳಿಸಿ, ವ್ಯವಹಾರಸ್ಥರ ಕೈಗೆ ಎಟುಕುವಂತೆ ಮಾಡಿದನು.

ಇಷ್ಟು ಸುಲಭವಾದುದರಲ್ಲಿ ಮಕ್ಕಳು ಎಡವುವುದೆಲ್ಲಿ? ‘ಆ ಬದಿಯಿಂದ ಈ ಬದಿಗೆ ಬಂದರೆ ಚಿಹ್ನೆ ಬದಲಾಗುತ್ತದೆ’ ಎಂಬ ಪಕ್ಷಾಂತರದ ನಿಯಮವನ್ನು, ಕಾರಣವನ್ನು ಕೇಳದೆ, ಮಗ್ಗಿಯಂತೆ ಉರುಹೊಡೆಯುವುದರಲ್ಲಿ. ಹಾಗೆ ಕಲಿತ ಹುಡುಗನು 8ಕ್ಷ = 96 ಎಂಬಲ್ಲಿಯೂ 8ನ್ನು ದಾಟಿಸಿ, ಚಿಹ್ನೆಯನ್ನು ಬದಲಿಸಿ, 96ರಿಂದ ಕಳೆದು, ಚಿಪ್ಪಿಗೆ 88 ಹಣ್ಣೆಂದು ನಿಶ್ಚಿಂತೆಯಿಂದ ಬರೆದುಬಿಡುವನು. ‘ತರ್ಕತಾಂಡವ’ವನ್ನು ರಚಿಸಿದ ವ್ಯಾಸರಾಯರ ಜನ್ಮಸ್ಥಳವೆಂದು ಖ್ಯಾತಿವೆತ್ತ ಬನ್ನೂರಿನ ಮಕ್ಕಳಾದರೂ ಕಾರಣವಿಲ್ಲದ ನಿಯಮವನ್ನು ಒಪ್ಪಿಕೊಳ್ಳಬಾರದು!

ಕಾರಣವಾದರೋ ತಕ್ಕಡಿಯಲ್ಲಿದೆ. ಎರಡು ತಟ್ಟೆಗಳೂ ಸಮವಾಗಿ ನಿಂತಿರುವಾಗ ಒಂದರಿಂದ ಎಷ್ಟು ತೆಗೆದೆವೋ ಇನ್ನೊಂದರಿಂದಲೂ ಅಷ್ಟನ್ನೇ ತೆಗೆದರೆ ಮುಳ್ಳು ಅಲುಗುವುದಿಲ್ಲ. ಕ್ಷ + 500 = 12,500 ಎಂಬಲ್ಲಿ 500 ಎತ್ತಲೂ ಹಾರಿ ಹೋಗುವುದಿಲ್ಲ; ಎರಡು ಬದಿಗಳಿಂದಲೂ ನಾವು 500ನ್ನು ಕಳೆಯುತ್ತೇವೆ. 8ಕ್ಷ = 96 ಎಂಬಲ್ಲಿ ಎರಡು ಬದಿಗಳನ್ನೂ 8ರಿಂದ ಭಾಗಿಸುತ್ತೇವೆ. ಯಾವ ಕ್ರಿಯೆಯಿಂದ ಅವ್ಯಕ್ತವು ಕಟ್ಟುಬಿದ್ದಿದೆಯೋ ಅದರ ವಿರುದ್ಧಕ್ರಿಯೆಯನ್ನು ಎರಡು ಬದಿಗಳಿಗೂ ಪಕ್ಷಪಾತವಿಲ್ಲದೆ ಸಲ್ಲಿಸತಕ್ಕದ್ದು.

ಬಾಯಿಲೆಕ್ಕದಲ್ಲಿಯೇ ಮುಗಿಯುವ ಕೆಲಸಕ್ಕೆ ಇಷ್ಟು ವಿಧಿವಿಧಾನವೇಕೆಂದು ಗೃಹಸ್ಥನು ಕೇಳಬಹುದು. ಅದಕ್ಕೆ ಉತ್ತರ 12ನೆಯ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿದೆ. ಒಬ್ಬನ ಬಳಿ 300 ನಾಣ್ಯಗಳೂ 6 ಕುದುರೆಗಳೂ ಇವೆ; ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆಗಳಿದ್ದರೂ 100 ನಾಣ್ಯಗಳ ಸಾಲವಿದೆ; ಇಬ್ಬರ ಐಶ್ವರ್ಯವೂ ಸಮವಾದರೆ ಕುದುರೆಯ ಬೆಲೆಯೇನು? ಇಲ್ಲಿ ಹಿಂದಕ್ಕೆ ಹೋಗೋಣವೆಂದರೆ ಹೊರಡಬೇಕಾದ ಕೊನೆಯ ಮೊತ್ತವೇ ತಿಳಿಯದು, ಏಕೆಂದರೆ ಅವ್ಯಕ್ತವು ಎರಡು ಬದಿಗಳಲ್ಲಿಯೂ ಕುಳಿತಿದೆ. ಆದುದರಿಂದ ವಿಲೋಮವಿಧಿಯು ಇಲ್ಲಿ ಕೈಚೆಲ್ಲುತ್ತದೆ. ಎರಡು ಬದಿಗಳಿಗೂ ಸಮನಾದುದನ್ನು ಮಾಡುವ ನಿಯಮವು ಮಾತ್ರ ಕೈಬಿಡುವುದಿಲ್ಲ. ಬರೆದುಕೊಂಡರೆ 6ಕ್ಷ + 300 = 10ಕ್ಷ − 100. ಎರಡು ಬದಿಗಳಿಂದಲೂ 6ಕ್ಷ ಕಳೆದರೆ 300 = 4ಕ್ಷ − 100; ಎರಡಕ್ಕೂ 100 ಕೂಡಿದರೆ 400 = 4ಕ್ಷ; ಎರಡನ್ನೂ 4ರಿಂದ ಭಾಗಿಸಿದರೆ 100 = ಕ್ಷ. ಮೂರು ಹೆಜ್ಜೆಗಳು, ಒಂದೊಂದೂ ಕುರಿಯ ಲೆಕ್ಕದ ಹೆಜ್ಜೆಯಷ್ಟೇ ಸರಳ. ಸುಲಭದಲ್ಲಿ ಅಭ್ಯಾಸವಾದ ಶಿಸ್ತು ಕಠಿನದಲ್ಲಿ ನೆರವಿಗೆ ಬರಲೆಂದೇ ಒಂದು ಹೆಜ್ಜೆಯ ಸಮೀಕರಣಗಳನ್ನು ಪುಸ್ತಕದಲ್ಲಿ ಮೊದಲು ಇಟ್ಟಿರುವುದು. ಮೇಲೆ ಬರೆದ ರೂಪವಾದರೋ ಇಂದಿನದು; ಭಾಸ್ಕರನು ಎರಡು ಬದಿಗಳನ್ನು ಒಂದರ ಕೆಳಗೊಂದರಂತೆ ಬರೆಯುತ್ತಿದ್ದನು. ಇಂದು ನಾವು ನಡುವೆ ಎಳೆಯುವ ‘=’ ಎಂಬ ಸಮಾನಾಂತರ ಗೆರೆಗಳು 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತನ ಪುಸ್ತಕದಿಂದ ಬಂದವು.

ಎರಡು ಎಚ್ಚರಿಕೆಗಳು ಅವಶ್ಯ. ಶೂನ್ಯದಿಂದ ಭಾಗಿಸಲಾಗದು; ಎರಡು ಬದಿಗಳನ್ನೂ ಶೂನ್ಯದಿಂದ ಗುಣಿಸಿದರೆ 0 = 0 ಎಂಬ ನಿರ್ವಿವಾದ ಸತ್ಯವು ಉಳಿದು, ಹುಡುಕುತ್ತಿದ್ದ ಅವ್ಯಕ್ತವು ಅಳಿಸಿಹೋಗುತ್ತದೆ. ಎರಡನೆಯದಾಗಿ, ಕ್ಷ + 9 = 5 ಎಂಬಂತಹ ಪ್ರಶ್ನೆಗೆ ಉತ್ತರವಿಲ್ಲವೆಂದು ಹೆದರಬೇಕಾಗಿಲ್ಲ. 628ರಷ್ಟು ಹಿಂದೆಯೇ ಬ್ರಹ್ಮಗುಪ್ತನು ಧನಋಣಗಳ ನಿಯಮಗಳನ್ನು ವಿಧಿಸಿರುವನು. ಉತ್ತರ −4, ಅಂದರೆ 4ರ ಸಾಲವಿದ್ದವನ ಕೈಗೆ 9 ಬಂದಾಗ 5 ಉಳಿಯಿತೆಂದು ಅರ್ಥ.

ಉತ್ತರ ಬಂದಮೇಲೆ ಮಾಡಬೇಕಾದುದು ತಾಳೆ ನೋಡುವುದು, ಎಂದರೆ ದೊರೆತ ಬೆಲೆಯನ್ನು ಮೊದಲಿನ ವಾಕ್ಯದಲ್ಲಿಯೇ ಇಟ್ಟು ಪರೀಕ್ಷಿಸುವುದು. 8ನ್ನು 88ರಿಂದ ಗುಣಿಸಿದರೆ 704 ಹಣ್ಣಾಗುತ್ತದೆ, ಗೊನೆಯಲ್ಲಿರುವುದೋ 96. ತಪ್ಪು ತಾನಾಗಿಯೇ ಬಯಲಾಯಿತು. 12ನ್ನು ಇಟ್ಟರೆ ತಾಳೆಯಾಗುತ್ತದೆ. ಬೇರೆ ಬಹುಪಾಲು ಪಾಠಗಳಲ್ಲಿ ತನ್ನ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ವಿದ್ಯಾರ್ಥಿಯು ಗುರುವಿನ ಮುಖವನ್ನೋ ಪುಸ್ತಕದ ಕೊನೆಯ ಪುಟವನ್ನೋ ನೋಡಬೇಕು. ಸಮೀಕರಣವನ್ನು ಬಿಡಿಸಿದ ಮಗುವಿಗೆ ಆ ಅಗತ್ಯವಿಲ್ಲ. ಮನೆಯಲ್ಲಿ ಬೀಜಗಣಿತವನ್ನು ಬಲ್ಲ ಹಿರಿಯರಿಲ್ಲದಿದ್ದರೂ, ಗುಣಾಕಾರವೊಂದನ್ನು ಬಲ್ಲ ಮಗಳು ತನ್ನ ಉತ್ತರಕ್ಕೆ ತಾನೇ ಸಾಕ್ಷಿಯಾಗಿ ನಿಲ್ಲಬಲ್ಲಳು.