ಹಿರಿಯರ ಪಡಸಾಲೆಗೆ ಎಂಥ ಗಣಕಯಂತ್ರ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅನೇಕ ಮನೆತನಗಳಲ್ಲಿ ಇಂದು ಹಿರಿಯರು ಒಂದು ಕಡೆ, ಮಕ್ಕಳು ಒಂದು ಕಡೆ ಎಂಬ ಸ್ಥಿತಿ ಇದೆ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಉದ್ಯೋಗದಲ್ಲಿರುತ್ತಾನೆ. ಮಗಳು ಕಡಲಾಚೆಗೆ ಹೋಗಿರುತ್ತಾಳೆ. ಊರ ಮನೆಯಲ್ಲಿ ಅಪ್ಪ-ಅವ್ವ ಇಬ್ಬರೇ, ಕೆಲವೆಡೆ ಒಬ್ಬರೇ. ಜಾತ್ರೆಗೋ ಹಬ್ಬಕ್ಕೋ ಬಂದ ಮಕ್ಕಳು ಪಡಸಾಲೆಯ ಗೋಡೆಗೆ ದೊಡ್ಡದೊಂದು ಟಿ.ವಿ. ತೂಗುಹಾಕಿ, ಅದಕ್ಕೆ ಯಾವುದೋ ಪೆಟ್ಟಿಗೆಯನ್ನು ಜೋಡಿಸಿ, "ಎಲ್ಲಾ ಇದರಾಗ ಬರ್ತೈತಿ ನೋಡವ್ವ" ಎಂದು ಹೇಳಿ ರಾತ್ರಿಯ ಬಸ್ಸು ಹಿಡಿಯುತ್ತಾರೆ. ಮರುದಿನದಿಂದ ಆ ಪೆಟ್ಟಿಗೆ ಮೂಕವಾಗುತ್ತದೆ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯೇನೂ ಇಲ್ಲ. ಆದರೆ ಆಯ್ಕೆ ಮಾಡುವಾಗ ಅವರು ತಮ್ಮ ಕೈಯ ಚುರುಕನ್ನು ಲೆಕ್ಕಕ್ಕೆ ಹಿಡಿದರೇ ಹೊರತು ಅವ್ವನ ಕೈಯನ್ನಲ್ಲ.

ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇದನ್ನೇ. ಟಿ.ವಿ.ಗೆ ಜೋಡಿಸುವ ಪುಟ್ಟ ಗಣಕಯಂತ್ರವೊಂದನ್ನು, ಯಂತ್ರವಿದ್ಯೆಯ ಗಂಧವಿಲ್ಲದ ನಮ್ಮ ಹಿರಿಯರಿಗಾಗಿ ಆರಿಸುವುದು ಹೇಗೆ?

ಮೊದಲು, ಹಿರಿಯರಿಗೆ ಬೇಕಾಗಿರುವುದೇನು ಎಂಬುದನ್ನು ಕೇಳೋಣ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಅಂದಿನಿಂದ ನಮ್ಮ ಭಾಗದ ಎರಡು ತಲೆಮಾರು ರೇಡಿಯೋ ಕೇಳಿಯೇ ಬೆಳೆದವು. ಒಂದು ತಿರುಪು ತಿರುಗಿಸಿದರೆ ದನಿ, ಇನ್ನೊಂದು ತಿರುಗಿಸಿದರೆ ನಿಲಯ. ಮೂರನೆಯ ವಿದ್ಯೆ ಬೇಕಿರಲಿಲ್ಲ. ಅದೇ ಹಿರಿಯರು ಇಂದು ಕೇಳಬಯಸುವುದೂ ಬಹಳವೇನಲ್ಲ. ಬೆಳಗಿನ ಜಾವ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ. ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರೂ ಅವರ ವಾಣಿ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಸಂಜೆಗೆ ಮಲ್ಲಿಕಾರ್ಜುನ ಮನಸೂರರ ವಚನಗಾಯನ, ಇಲ್ಲವೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತ ವೆಂಕಟೇಶಕುಮಾರರ ಹಾಡು. ಭಾನುವಾರಕ್ಕೊಂದು ಹಳೆಯ ಚಲನಚಿತ್ರ. 1954ರ 'ಬೇಡರ ಕಣ್ಣಪ್ಪ'ವೋ 1959ರ 'ಜಗಜ್ಯೋತಿ ಬಸವೇಶ್ವರ'ವೋ ಆದರೆ ನೆರೆಯವರೂ ಬಂದು ಕೂಡುತ್ತಾರೆ. ಉಳಿದಂತೆ ಮೊಮ್ಮಕ್ಕಳ ಮುಖ. ಇಷ್ಟೇ.

ಹೀಗಿರುವಾಗ ಅಂಗಡಿಯವನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ 'ಇದರ ವೇಗವೆಷ್ಟು' ಎಂಬುದಲ್ಲ. 'ಗುಂಡಿ ಒತ್ತಿದ ಗಳಿಗೆಯಿಂದ ಪ್ರವಚನ ಕೇಳಿಸುವವರೆಗೆ ಎಷ್ಟು ಹೆಜ್ಜೆಗಳಿವೆ' ಎಂಬುದು. ಬೆರಳು ಮಡಿಚಿ ಎಣಿಸಿ ನೋಡಿರಿ. ಟಿ.ವಿ. ಹಚ್ಚುವುದು, ಪೆಟ್ಟಿಗೆ ಹಚ್ಚುವುದು, ಟಿ.ವಿ.ಯಲ್ಲಿ ಸರಿಯಾದ ದಾರಿ ಆರಿಸುವುದು, ಗುಪ್ತಪದ ಬರೆಯುವುದು, ಚಿತ್ರವೊಂದನ್ನು ಹುಡುಕುವುದು, ಅದರೊಳಗೆ ಮತ್ತೆ ಹುಡುಕುವುದು ಎಂದು ಆರೇಳು ಹೆಜ್ಜೆಗಳಾದರೆ ಆ ಯಂತ್ರ ಎಷ್ಟೇ ಶ್ರೇಷ್ಠವಾಗಿದ್ದರೂ ಹಿರಿಯರ ಮನೆಗೆ ಯೋಗ್ಯವಲ್ಲ. ಮೂರಕ್ಕಿಳಿದರೆ ಯೋಗ್ಯ.

ಇನ್ನೊಂದು ಮಾತನ್ನೂ ಆರಂಭದಲ್ಲಿಯೇ ಹೇಳಿಬಿಡುವೆವು. ಮನೆಯಲ್ಲಿರುವ ಟಿ.ವಿ.ಯೇ ಅಂತರ್ಜಾಲಕ್ಕೆ ಹೊಂದಿಕೊಂಡು ಯೂಟ್ಯೂಬ್ ತೋರಿಸುತ್ತಿದ್ದು, ಹಿರಿಯರಿಗೂ ಅದು ರೂಢಿಯಾಗಿದ್ದರೆ ಏನನ್ನೂ ಕೊಳ್ಳಬೇಡಿರಿ. ಅದು ನಾಲ್ಕಾರು ವರ್ಷಗಳಲ್ಲಿ ನಿಧಾನವಾದರೆ ಟಿ.ವಿ.ಯನ್ನು ಬದಲಿಸದೆ, ಅದರ ಬೆನ್ನಿಗೆ ಸಿಕ್ಕಿಸುವ ಕಡ್ಡಿಯಂಥ ಸಾಧನವೊಂದನ್ನು ತಂದರಾಯಿತು. ಅಮೆಜಾನಿನ ಫೈರ್ ಟಿ.ವಿ. ಕಡ್ಡಿ ನಮ್ಮ ದೇಶಕ್ಕೆ 2017ರಲ್ಲಿ ಬಂದಿತು; ಗೂಗಲ್ ವ್ಯವಸ್ಥೆಯ ಪೆಟ್ಟಿಗೆಗಳೂ ಅನೇಕವಿವೆ. ಕೆಲವೇ ಸಾವಿರ ರೂಪಾಯಿಗಳ ಮಾತು, ವಿದ್ಯುತ್ತೂ ಅತ್ಯಲ್ಪ. ಗೂಗಲ್ 2017ರಲ್ಲಿಯೇ ಕನ್ನಡದ ಮಾತನ್ನು ಗುರುತಿಸುವ ಸೌಲಭ್ಯ ತಂದಿದೆ. ಅಕ್ಷರ ಒತ್ತಲಾರದ ಅಜ್ಜಿಯೂ ಧ್ವನಿಗುಂಡಿ ಒತ್ತಿ ಬೇಕಾದ್ದನ್ನು ಹೆಸರು ಹಿಡಿದು ಕೇಳಬಹುದು. ಅಂತರ್ಜಾಲದ ದೃಶ್ಯಗಳಷ್ಟೇ ಸಾಕೆನ್ನುವ ಮನೆಗೆ ಇದಕ್ಕಿಂತ ದೊಡ್ಡದು ಬೇಡವೆಂಬುದೇ ನಮ್ಮ ಅಭಿಪ್ರಾಯ.

ಹಾಗಾದರೆ ಗಣಕಯಂತ್ರ ಯಾರಿಗೆ ಬೇಕು? ಇಲ್ಲಿ ನಮ್ಮ ಭಾಗದ ಮನೆಗಳದೇ ಒಂದು ಸಂಗತಿಯಿದೆ. ಟ್ರಂಕುಗಳಲ್ಲಿ, ಅಟ್ಟದ ಮೇಲಿನ ರಟ್ಟಿನ ಡಬ್ಬಿಗಳಲ್ಲಿ ಎಷ್ಟೋ ಕ್ಯಾಸೆಟ್ಟುಗಳು ಧೂಳು ತಿನ್ನುತ್ತಿವೆ. ಶ್ರಾವಣದಲ್ಲಿ ಮಠದಲ್ಲಿ ನಡೆದ ಪುರಾಣ, ತೀರಿಹೋದ ಅಜ್ಜ ಏಕತಾರಿ ಹಿಡಿದು ಹಾಡಿದ ಪದ, 1990ರ ದಶಕದ ಮದುವೆಯ ವಿಡಿಯೋ. ಇವು ಜಗತ್ತಿನ ಯಾವ ಅಂತರ್ಜಾಲದಲ್ಲಿಯೂ ದೊರೆಯವು. ಕಾಂತಪಟ್ಟಿಯಾದರೋ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಸೆಖೆಗೆ ಅಂಟಿಕೊಳ್ಳುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅವನ್ನು ಅಂಕೀಯ ರೂಪಕ್ಕೆ ಇಳಿಸಿಕೊಂಡರೆ ಸಾಧಾರಣ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಒಂದು ಮೆಗಾಬೈಟಿನಷ್ಟು ಸ್ಥಳ ಸಾಕು. ಒಂದು ಗಂಟೆಯ ಕ್ಯಾಸೆಟ್ಟಿಗೆ 60 ಮೆಗಾಬೈಟು. 500 ಗಿಗಾಬೈಟಿನ ಒಂದು ಸಂಗ್ರಹದಲ್ಲಿ ಇಂಥ ಎಂಟು ಸಾವಿರ ಕ್ಯಾಸೆಟ್ಟುಗಳು ಅಡಗುತ್ತವೆ. ಇಡೀ ಓಣಿಯ ಕ್ಯಾಸೆಟ್ಟು ಕೂಡಿಸಿದರೂ ಅಷ್ಟಾಗಲಿಕ್ಕಿಲ್ಲ! ಅಂತರ್ಜಾಲ ಕೈಕೊಟ್ಟ ದಿನವೂ ಅಜ್ಜನ ಪದ ಪಡಸಾಲೆಯಲ್ಲಿ ಕೇಳಿಸಬೇಕೆಂದಿದ್ದರೆ, ಮೊಮ್ಮಕ್ಕಳೊಡನೆ ದೊಡ್ಡ ಪರದೆಯ ಮೇಲೆ ಮುಖಾಮುಖಿ ಮಾತಾಡಬೇಕೆಂದಿದ್ದರೆ, ಆಗ ಪುಟ್ಟ ಗಣಕಯಂತ್ರಕ್ಕೆ ಅರ್ಥವಿದೆ.

ಅಂಗೈಯಗಲದ ಇಂಥ ಯಂತ್ರಗಳು ಹೊಸವೇನಲ್ಲ. ಆಪಲ್ ಸಂಸ್ಥೆಯ ಮ್ಯಾಕ್ ಮಿನಿ 2005ರಲ್ಲಿ, ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಫಲಕ 2012ರಲ್ಲಿ ಬಂದವು. ಇಂಟೆಲ್ ಸಂಸ್ಥೆ ತನ್ನ 'ನಕ್' ಎಂಬ ಪುಟ್ಟ ಪೆಟ್ಟಿಗೆಗಳ ಕಾರ್ಯವನ್ನು 2023ರಲ್ಲಿ ಬಿಟ್ಟು ಏಸಸ್ ಸಂಸ್ಥೆಗೆ ಒಪ್ಪಿಸಿತು. ಅದೇ ವರ್ಷ ಇಂಟೆಲ್ ಹೊರತಂದ ಎನ್-100 ಎಂಬ ಸಂಸ್ಕಾರಕವು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕೇವಲ 6 ವ್ಯಾಟಿಗೆ ರೂಪಿಸಿದ್ದಾದರೂ ಯೂಟ್ಯೂಬು ಬಳಸುವ ವಿಪಿ-9, ಎವಿ-1 ಎಂಬ ದೃಶ್ಯಸಂಕೇತಗಳನ್ನು ಬಿಡಿಸಲು ಬೇಕಾದ ಅಂಗವು ಅದರೊಳಗೇ ಇದೆ. ಆ ಅಂಗವಿಲ್ಲದ ಹಳೆಯ ಯಂತ್ರ ಅದೇ ಕೆಲಸಕ್ಕೆ ಏದುಸಿರು ಬಿಡುತ್ತದೆ, ಕಾಯುತ್ತದೆ, ಚಿತ್ರ ತಡವರಿಸುತ್ತದೆ. 8 ಗಿಗಾಬೈಟು ಸ್ಮೃತಿ, 256 ಗಿಗಾಬೈಟಿನ ಎಸ್.ಎಸ್.ಡಿ. ಸಂಗ್ರಹ ಇದ್ದರೆ ಧಾರಾಳವಾಯಿತು. ಕ್ಯಾಸೆಟ್ಟುಗಳ ಜೊತೆಗೆ ಮದುವೆಯ ವಿಡಿಯೋಗಳೂ ಬಹಳವಿದ್ದರೆ ಮಾತ್ರ ಇನ್ನಷ್ಟು ದೊಡ್ಡ ಸಂಗ್ರಹ ತರಬೇಕು.

ಹುಬ್ಬಳ್ಳಿಯ ಪೇಟೆಯಲ್ಲಿ ಕಚೇರಿಗಳಿಂದ ಬಂದ ಹಳೆಯ ಪುಟ್ಟ ಯಂತ್ರಗಳನ್ನು ಅಗ್ಗಕ್ಕೆ ಮಾರುವುದುಂಟು. ಕೊಳ್ಳಬಾರದೆಂದು ನಾವು ಹೇಳೆವು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಸಂಸ್ಕಾರಕಗಳಲ್ಲಿ ಎಂಟನೆಯ ಪೀಳಿಗೆಗಿಂತ ಹಳೆಯವು ಬಹುತೇಕ ವಿಂಡೋಸ್ 11ಕ್ಕೆ ಒಗ್ಗವು. ಪೀಳಿಗೆಯನ್ನು ಕೇಳಿ ತಿಳಿದೇ ಹಣ ಎಣಿಸಬೇಕು.

ಇನ್ನು ನಮ್ಮ ಸೀಮೆಯ ಗುಣ. ಕಪ್ಪತಗುಡ್ಡದ ಆಸುಪಾಸಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಎಂಥದೆಂದು ಮುಂಡರಗಿಯವರಿಗೆ ನಾವು ಹೇಳಬೇಕಾಗಿಲ್ಲ. ಆ ಗಾಳಿ ಹೊತ್ತು ತರುವ ಧೂಳು ಯಂತ್ರದ ಪಂಖದೊಳಗೆ ಸೇರಿ ಗಟ್ಟಿಯಾಗುತ್ತದೆ. ಮೊದಲು ಸದ್ದು, ಬಳಿಕ ಬಿಸಿ, ಕೊನೆಗೆ ಯಂತ್ರ ತಾನಾಗಿ ಆರುವುದು. ಆದುದರಿಂದ ಪಂಖವೇ ಇಲ್ಲದ, ಲೋಹದ ಮೈಯಿಂದಲೇ ಬಿಸಿ ಹೊರಚೆಲ್ಲುವ ಮಾದರಿ ಸಿಕ್ಕರೆ ಎರಡು ಸಾವಿರ ಹೆಚ್ಚು ಕೊಟ್ಟಾದರೂ ಅದನ್ನೇ ತರಬೇಕೆಂದು ನಾವು ಹೇಳುವೆವು. ಅದನ್ನು ಗೋಡೆಯ ಗೂಡಿನೊಳಗೆ ತುರುಕಿ ಮುಂದೆ ಪರದೆ ಬಿಡುವುದು ಮಾತ್ರ ಕೂಡದು.

ಎರಡನೆಯದು ಕರೆಂಟು. ರಾಸ್ಪ್‌ಬೆರಿ ಪೈಯಂಥ ಫಲಕಗಳನ್ನು ಸಾಮಾನ್ಯವಾಗಿ ಚಿಕ್ಕ ಮೆಮೊರಿ ಕಾರ್ಡಿನಿಂದ ನಡೆಸುತ್ತಾರೆ. ಏನನ್ನಾದರೂ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಕಾರ್ಡು ಕೆಡುವ ಸಂಭವವುಂಟು. ಕೈಪಳಗಿದ ತರುಣರ ಮನೆಗೆ ಅದು ಸೊಗಸಾದ ಸಾಧನ, ಹಿರಿಯರ ಮನೆಗಲ್ಲ. ಎಸ್.ಎಸ್.ಡಿ. ಇರುವ ಯಂತ್ರಕ್ಕೂ ಒಂದು ಸಣ್ಣ ಯು.ಪಿ.ಎಸ್. ಇರಲಿ. ಹೆಚ್ಚಿನ ಯಂತ್ರಗಳ ಮೂಲ ವ್ಯವಸ್ಥೆಯಲ್ಲಿ, ಕರೆಂಟು ಮರಳಿದೊಡನೆ ತಾನಾಗಿ ಚಾಲನೆಗೊಳ್ಳುವ ಏರ್ಪಾಡೊಂದಿರುತ್ತದೆ. ಕೊಡುವ ಮೊದಲೇ ಅದನ್ನು ಸಿದ್ಧಪಡಿಸಿಟ್ಟರೆ ಹಿರಿಯರು ಪೆಟ್ಟಿಗೆಯ ಗುಂಡಿ ಹುಡುಕುತ್ತ ಬಾಗಬೇಕಾಗಿಲ್ಲ.

ಮೂರನೆಯದು ಗೋಡೆ. ಲಕ್ಷ್ಮೇಶ್ವರದ ಹಳೆಯ ವಾಡೆಗಳ ಕಲ್ಲುಮಣ್ಣಿನ ಗೋಡೆಗಳು ಬೇಸಗೆಯಲ್ಲಿ ತಂಪನ್ನು ಕೊಡುತ್ತವೆ, ವೈಫೈ ಅಲೆಗಳನ್ನು ಮಾತ್ರ ತಡೆದು ನಿಲ್ಲಿಸುತ್ತವೆ. 5 ಗಿಗಾಹರ್ಟ್ಸಿನ ಅಲೆಗೆ ಇಂಥ ಗೋಡೆ ದಾಟುವುದು 2.4 ಗಿಗಾಹರ್ಟ್ಸಿನ ಅಲೆಗಿಂತ ಕಷ್ಟ. ಮುಂಬಾಗಿಲ ಬಳಿಯ ರೌಟರಿನಿಂದ ಪಡಸಾಲೆಗೆ ಒಂದು ತಂತಿ ಎಳೆಸಿಬಿಡುವುದೇ ನಿಶ್ಚಿಂತೆಯ ದಾರಿ. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ಟಿನ ವೇಗವಿದ್ದರೆ ಸಾಕು. ನೂರರ ಯೋಜನೆ ಹಾಕಿಸಿ ಗೋಡೆಯಲ್ಲಿ ಅದನ್ನು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ ಕೈಯ ವಿಚಾರ. ಟಿ.ವಿ.ಯ ರಿಮೋಟಿನಿಂದಲೇ ಪೆಟ್ಟಿಗೆಯನ್ನೂ ನಡೆಸುವ ಏರ್ಪಾಡು ಕಡ್ಡಿಗಳಲ್ಲಿಯೂ ರಾಸ್ಪ್‌ಬೆರಿಯಲ್ಲಿಯೂ ಇದೆ. ಪುಟ್ಟ ಗಣಕಯಂತ್ರಗಳಲ್ಲಿ ಮಾತ್ರ ಬಹುಪಾಲು ಇರುವುದಿಲ್ಲ. ಅವಕ್ಕೆ ಬೇರೆ ರಿಮೋಟು ಬೇಕು. ಕೈ ಆಡಿಸಿದಂತೆ ಪರದೆಯ ಮೇಲೆ ಬಾಣ ಓಡಾಡುವ ಬಗೆಯದು ನಡುಗುವ ಕೈಗೆ ಶಿಕ್ಷೆಯೇ ಸರಿ. ನಾಲ್ಕು ದಿಕ್ಕಿನ ಗುಂಡಿ, ನಡುವೆ ಒಪ್ಪಿಗೆಯ ಗುಂಡಿ, ಹಿಂದಕ್ಕೆ ಬರಲೊಂದು, ದನಿಗೆ ಎರಡು ಇದ್ದರೆ ಸಾಕು. ಶಿರಹಟ್ಟಿಯಲ್ಲಿ ನಮ್ಮ ಬಂಧುಗಳಾದ ಹಿರಿಯರೊಬ್ಬರಿದ್ದಾರೆ. ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದುವವರು. ಆದರೆ ಪರದೆಯ ಮೇಲಿನ ಇಂಗ್ಲಿಷು ಅಕ್ಷರಗಳನ್ನು ಕಂಡು ಎರಡು ವರ್ಷ ಆ ಪೆಟ್ಟಿಗೆಯ ಗೊಡವೆಗೇ ಹೋಗಿರಲಿಲ್ಲ. ಅವರ ಸೊಸೆ ಒಂದು ದಿನ ರಿಮೋಟಿನ ಒಪ್ಪಿಗೆಯ ಗುಂಡಿಗೆ ಕೆಂಪು ಟಿಕಳಿಯೊಂದನ್ನು ಅಂಟಿಸಿ, ಪರದೆಯ ಮೇಲಿದ್ದುದನ್ನೆಲ್ಲ ಅಳಿಸಿ ನಾಲ್ಕೇ ದೊಡ್ಡ ಚಿತ್ರಗಳನ್ನು ಉಳಿಸಿದಳು: ಸ್ವಾಮಿಗಳ ಮುಖ, ತಂಬೂರಿ, ಹಳೆಯ ಚಿತ್ರವೊಂದರ ಭಿತ್ತಿಪತ್ರ, ಮೊಮ್ಮಗಳ ಭಾವಚಿತ್ರ. "ಈಗ ಇದು ನಮ್ಮ ಮಾತ ಕೇಳ್ತೈತಿ" ಎನ್ನುತ್ತಾರೆ ಆ ಹಿರಿಯರು. ಬಂದ ಅತಿಥಿಗಳಿಗೆ ಚಹದೊಡನೆ ಒಂದು ಪ್ರವಚನವೂ ಖಂಡಿತ!

ಒಂದು ದೃಶ್ಯ ಮುಗಿದೊಡನೆ ತಾನಾಗಿ ಇನ್ನೊಂದನ್ನು ಹಚ್ಚುವ ಯೂಟ್ಯೂಬಿನ ಚಾಳಿಯನ್ನು ನಿಲ್ಲಿಸಿಡುವುದನ್ನು ಮರೆಯಬಾರದು. ಪ್ರವಚನ ಕೇಳುತ್ತ ಕಣ್ಣು ಮುಚ್ಚಿದ ಅಜ್ಜಿ, ಅಬ್ಬರದ ಯಾವುದೋ ವಾದವಿವಾದಕ್ಕೆ ಬೆಚ್ಚಿ ಏಳುವುದು ಬೇಡ.

ಯಂತ್ರದಲ್ಲಿ ಉಳಿಸಿದ ಹಣವನ್ನು ಧ್ವನಿವರ್ಧಕಕ್ಕೆ ಹಾಕಿರಿ. ಇಂದಿನ ತೆಳು ಟಿ.ವಿ.ಗಳ ಧ್ವನಿ ಕೆಳಕ್ಕೋ ಹಿಂದಕ್ಕೋ ಹೊರಡುತ್ತದೆ. ಕಿವಿ ಮಂದವಾದವರಿಗೆ ಸದ್ದು ಕೇಳಿಸೀತು, ಮಾತು ತಿಳಿಯದು. ಸುತ್ತಲೂ ಐದಾರು ಪೆಟ್ಟಿಗೆ ತೂಗುಹಾಕುವ ಚಿತ್ರಮಂದಿರದ ವೈಭವ ಪ್ರವಚನಕ್ಕೆ ಬೇಕಿಲ್ಲ, ಅಲ್ಲಿರುವುದು ಒಂದೇ ದನಿ. ಕೇಳುವವರ ಕಡೆಗೆ ಮುಖ ಮಾಡಿದ ಒಂದು ಉತ್ತಮ ಧ್ವನಿಪಟ್ಟಿ, ತಂತಿಯಿಂದಲೇ ಜೋಡಿಸಿದ್ದು, ಸಾಕು.

ಕೊನೆಯದಾಗಿ, ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದ ಸಂಗತಿ. ಗಣಕಯಂತ್ರ ಬಂದ ಮನೆಗೆ ಕಳ್ಳನೂ ಪರದೆಯ ದಾರಿಯಿಂದ ಬರುತ್ತಾನೆ. 'ನಿಮ್ಮ ಯಂತ್ರಕ್ಕೆ ರೋಗ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿರಿ' ಎಂಬ ಫಲಕ ದಿಢೀರನೆ ಮೂಡುತ್ತದೆ; ಪೋಲೀಸರ ವೇಷದವನೊಬ್ಬ ಮುಖ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುತ್ತಾನೆ. ಇಂಥ ಬಂಧನವೆಂಬುದು ಕಾನೂನಿನಲ್ಲಿಯೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ತಮ್ಮ ಬಾನುಲಿ ಭಾಷಣದಲ್ಲಿ ದೇಶಕ್ಕೆ ತಿಳಿಸಬೇಕಾಯಿತೆಂದರೆ ಈ ಪಿಡುಗಿನ ವ್ಯಾಪ್ತಿಯನ್ನು ಊಹಿಸಬಹುದು. ಒಂಟಿಯಾಗಿರುವ ಹಿರಿಯರ ಜೀವಮಾನದ ಉಳಿತಾಯ ಒಂದು ಮಧ್ಯಾಹ್ನದಲ್ಲಿ ಬರಿದಾಗುವುದೆಂದರೆ ಸಾಮಾನ್ಯವೇ? ಈ ಯಂತ್ರಕ್ಕೆಂದೇ ಬೇರೆ ಖಾತೆ ತೆರೆಯಿರಿ. ಬ್ಯಾಂಕಿನ ಕಾರ್ಡಾಗಲಿ, ಹಣ ಪಾವತಿಯ ಯಾವ ಏರ್ಪಾಡಾಗಲಿ ಅದರಲ್ಲಿ ಇರಕೂಡದು. ಹೊಸ ತಂತ್ರಾಂಶ ತುಂಬುವ ಅಧಿಕಾರದ ಗುಪ್ತಪದ ಮಗನ ಬಳಿಯೇ ಇರಲಿ. ದೂರದಿಂದ ಯಂತ್ರವನ್ನು ದುರಸ್ತಿ ಮಾಡುವ ತಂತ್ರಾಂಶ ಬೇಕಾದಲ್ಲಿ, ಮಗ ತಾನೇ ಫೋನು ಮಾಡಿ ಹೇಳಿದಾಗಲ್ಲದೆ ಅದನ್ನು ತೆರೆಯಬಾರದೆಂಬ ಕಟ್ಟುನಿಟ್ಟಿರಲಿ. ವಂಚನೆಯ ಸುಳಿವು ಸಿಕ್ಕೊಡನೆ ತಿಳಿಸಬೇಕಾದ 1930 ಎಂಬ ಸಹಾಯವಾಣಿಯ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿರಿ. ಅದರ ಕೆಳಗೆ ಅದೇ ಊರಿನಲ್ಲಿರುವ, ಕರೆದರೆ ಬರಬಲ್ಲ ಒಬ್ಬರ ಸಂಖ್ಯೆಯೂ ಇರಲಿ: ಸೋದರಳಿಯನೋ, ನೆರೆಮನೆಯ ಕಾಲೇಜು ಹುಡುಗನೋ. ಬೆಂಗಳೂರಿನ ಮಗ ಎಷ್ಟೇ ಜಾಣನಾದರೂ ಕಳಚಿದ ತಂತಿಯನ್ನು ಅಲ್ಲಿಂದ ಸಿಕ್ಕಿಸಲಾರ.

ಯಂತ್ರ ತಂದವರು ಕನಿಷ್ಠ ಎರಡು ದಿನ ಊರಿನಲ್ಲಿ ನಿಲ್ಲಬೇಕು. ಮೊದಲ ದಿನ ತಾವು ತೋರಿಸಲಿ. ಎರಡನೆಯ ದಿನ ರಿಮೋಟನ್ನು ಮುಟ್ಟದೆ ದೂರ ಕುಳಿತು, ಅವ್ವ ತಾನೇ ಹಚ್ಚಿ, ಬೇಕಾದ್ದನ್ನು ಹುಡುಕಿ, ಕೇಳಿ, ಆರಿಸುವುದನ್ನು ಮೂರು ಸಲ ನೋಡಲಿ. ಅವಳು ಎಲ್ಲಿ ತಡೆದು ನಿಲ್ಲುತ್ತಾಳೋ ಅಲ್ಲಿ ಅವಳಿಗೆ ಪಾಠ ಹೇಳುವ ಬದಲು ಆ ಹೆಜ್ಜೆಯನ್ನೇ ಯಂತ್ರದಿಂದ ತೆಗೆದುಹಾಕುವ ದಾರಿ ಹುಡುಕಲಿ. ಬಸ್ಸಿಗೆ ಹೊತ್ತಾದರೆ ಮರುದಿನದ ಬಸ್ಸು ಇದ್ದೇ ಇದೆ.